ಸೆಲೆಸ್ಟ್ ಆಟದ ಹೈಪರ್, ವೇವ್‌ಡ್ಯಾಶ್, ಅಲ್ಟ್ರಾ: ಹಿಂದಿರುವ ನಿಯಮಗಳು ಮತ್ತು ಕೈ ಪಳಗಿಸುವ ಬಗೆ

ಬೆಟ್ಟದಹಾದಿ (ಚರ್ಚೆ ಆರಂಭಿಸಿದವರು):

ಮ್ಯಾಡಲೀನ್ ಎಂಬವಳು ಬೆಟ್ಟ ಹತ್ತುವ ಸೆಲೆಸ್ಟ್ ಎಂಬ ವಿಡಿಯೋ ಆಟದ ಕಥೆಯನ್ನು ಮುಗಿಸಿ, ಶಿಖರವನ್ನೂ ಮುಟ್ಟಿ, ಆಮೇಲೆ ಬಿ-ಸೈಡ್‌ಗಳೆಂಬ ಹೆಚ್ಚು ಕಠಿಣ ರೂಪದ ಅಧ್ಯಾಯಗಳಲ್ಲಿಯೋ ಆಮೇಲೆ ಸೇರಿಸಿದ ಫೇರ್‌ವೆಲ್ ಅಧ್ಯಾಯದಲ್ಲಿಯೋ ಸಿಕ್ಕಿಹಾಕಿಕೊಂಡವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದಾರೆ. ಅವರ ಪ್ರಶ್ನೆಗಳನ್ನು ಓದಿದಾಗಲೆಲ್ಲ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಸೂಪರ್, ಹೈಪರ್, ವೇವ್‌ಡ್ಯಾಶ್, ಅಲ್ಟ್ರಾ ಎಂಬ ಚಲನೆಯ ತಂತ್ರಗಳ ಹೆಸರುಗಳನ್ನು ಕೇಳಿದೊಡನೆ ನಾವು ಇವನ್ನು ಒಂದಕ್ಕೊಂದು ಸಂಬಂಧವಿಲ್ಲದ ವಿದ್ಯೆಗಳೆಂದು ಭಾವಿಸಿ, ಒಂದೊಂದಕ್ಕೂ ಬೇರೆ ಬೇರೆ ವಿಡಿಯೋ ನೋಡಿ, ಬೆರಳುಗಳಿಗೆ ಬಾಯಿಪಾಠ ಮಾಡಿಸಲು ಹೊರಡುತ್ತೇವೆ. ಆದರೆ ಇವೆಲ್ಲವೂ ಆಟದೊಳಗಿನ ಕೆಲವೇ ಸಣ್ಣ ನಿಯಮಗಳಿಂದ ಹುಟ್ಟಿದವು. ನಿಯಮ ಗೊತ್ತಿದ್ದವರಿಗೆ ತಮ್ಮ ಪ್ರಯತ್ನ ಎಲ್ಲಿ ತಪ್ಪಿತೆಂದು ಪರದೆಯನ್ನು ನೋಡಿಯೇ ತಿಳಿಯುತ್ತದೆ. ಗೊತ್ತಿಲ್ಲದವರು ಅದೇ ತಪ್ಪನ್ನು ನೂರು ಸಲ ಮಾಡಿ ತಮ್ಮ ಕೈಯನ್ನೇ ದೂರುತ್ತಾರೆ. ಎರಡನೆಯ ಗುಂಪಿನಲ್ಲಿ ನಾನು ಹಲವು ತಿಂಗಳು ಇದ್ದೆ, ಆದ್ದರಿಂದಲೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಅಳತೆಗಳು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ 2015ರಲ್ಲಿ ಪಿಕೋ-8 ಎಂಬ ಪುಟ್ಟ ವೇದಿಕೆಗಾಗಿ ನಾಲ್ಕು ದಿನಗಳಲ್ಲಿ ಮಾಡಿದ ಆಟವೇ ಬೆಳೆದು 2018ರ ಜನವರಿ 25ರಂದು ಈಗಿನ ಸೆಲೆಸ್ಟ್ ಆಗಿ ಬಂದದ್ದು. ಇದರ ಚಿತ್ರ 320 ಪಿಕ್ಸೆಲ್ ಅಗಲ, 180 ಪಿಕ್ಸೆಲ್ ಎತ್ತರದ್ದು. ನೆಲ ಮತ್ತು ಗೋಡೆಗಳ ಒಂದು ಚೌಕ 8 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರಗಳು. ಮ್ಯಾಡಲೀನ್ ಓಡುವ ವೇಗ ಸೆಕೆಂಡಿಗೆ 90 ಪಿಕ್ಸೆಲ್. ಜಿಗಿಯುವಾಗ ಅವಳಿಗೆ ಮೇಲ್ಮುಖವಾಗಿ 105ರ ವೇಗವೂ, ದಿಕ್ಕಿನ ಗುಂಡಿ ಒತ್ತಿದ್ದರೆ ಆ ದಿಕ್ಕಿನಲ್ಲಿ ಹೆಚ್ಚುವರಿಯಾಗಿ 40ರ ವೇಗವೂ ಸಿಗುತ್ತದೆ. ಡ್ಯಾಶ್ ಎಂದರೆ ಒತ್ತಿದ ದಿಕ್ಕಿಗೆ ಒಮ್ಮೆಲೇ ನುಗ್ಗುವುದು; ಮಾಡಿದರೆ 0.15 ಸೆಕೆಂಡಿನವರೆಗೆ ವೇಗ 240 ಇರುತ್ತದೆ, ಮುಗಿದೊಡನೆ 160ಕ್ಕೆ ಇಳಿಯುತ್ತದೆ. ಮುಂದೆ ನಾನು ಬರೆಯುವ ವೇಗಗಳೆಲ್ಲ ಇದೇ ಲೆಕ್ಕದಲ್ಲಿವೆ.

ಈಗ ಮೊದಲನೆಯ ನಿಯಮ. ನೆಲದ ಮೇಲೆ ಅಡ್ಡಲಾಗಿ ಡ್ಯಾಶ್ ಮಾಡಿ, ಆ ಡ್ಯಾಶ್ ಮುಗಿಯುವುದರೊಳಗೆ ಜಿಗಿದರೆ ಆಟವು ಅದನ್ನು ಸಾಮಾನ್ಯ ಜಿಗಿತವೆಂದು ಎಣಿಸುವುದಿಲ್ಲ. ಮ್ಯಾಡಲೀನಳ ಅಡ್ಡ ವೇಗವನ್ನು ನೇರವಾಗಿ 260ಕ್ಕೆ ಏರಿಸಿ, ಎತ್ತರವನ್ನು ಮಾತ್ರ ಸಾಮಾನ್ಯ ಜಿಗಿತದಷ್ಟೇ ಕೊಡುತ್ತದೆ. ಇದು ಸೂಪರ್. ಎರಡನೆಯ ನಿಯಮ ಇದಕ್ಕೆ ಅಂಟಿಕೊಂಡಿದೆ: ಆ ಗಳಿಗೆಯಲ್ಲಿ ಅವಳು ಕುಕ್ಕರಿಸಿದ ಭಂಗಿಯಲ್ಲಿದ್ದರೆ ಅಡ್ಡ ವೇಗ 1.25 ಪಟ್ಟು ಹೆಚ್ಚಿ 325 ಆಗುತ್ತದೆ, ಮೇಲೇರುವ ವೇಗ ಅರ್ಧಕ್ಕೆ ಇಳಿಯುತ್ತದೆ. ಇದು ಹೈಪರ್. ಸೂಪರ್ ಎತ್ತರವಾಗಿ ಹಾರುತ್ತದೆ, ಹೈಪರ್ ನೆಲಕ್ಕೆ ಸಮೀಪದಲ್ಲಿ ಬಾಣದಂತೆ ಹೋಗುತ್ತದೆ. ಇವೆರಡರ ವ್ಯತ್ಯಾಸ ಕುಕ್ಕರಿಸುವುದರಲ್ಲಿ ಮಾತ್ರ ಇದೆ.

ಹಾಗಾದರೆ ಡ್ಯಾಶ್ ಮಾಡುತ್ತಿರುವಾಗ ಕುಕ್ಕರಿಸುವುದು ಹೇಗೆ? ಮೂರನೆಯ ನಿಯಮ ಅದನ್ನು ಹೇಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಆಟದ ಅತಿ ಮುಖ್ಯವಾದ ನಿಯಮ ಇದೇ. ಓರೆಯಾಗಿ ಕೆಳಕ್ಕೆ ಮಾಡಿದ ಡ್ಯಾಶ್ ನೆಲಕ್ಕೆ ತಾಗಿದರೆ ಆಟವು ಅದನ್ನು ನಿಲ್ಲಿಸುವುದಿಲ್ಲ. ಅದನ್ನು ಅಡ್ಡ ಡ್ಯಾಶ್ ಆಗಿ ತಿರುಗಿಸಿ, ಅಡ್ಡ ವೇಗವನ್ನು 1.2 ಪಟ್ಟು ಹೆಚ್ಚಿಸಿ, ಮ್ಯಾಡಲೀನಳನ್ನು ತಾನಾಗಿ ಕುಕ್ಕರಿಸುತ್ತದೆ. ಅಂದರೆ ನೆಲದ ಮೇಲೆ ನಿಂತು ಕೆಳಗೆ ಮತ್ತು ಬಲಕ್ಕೆ ಒಟ್ಟಿಗೆ ಒತ್ತಿ ಡ್ಯಾಶ್ ಮಾಡಿ, ಕೂಡಲೇ ಜಿಗಿದರೆ ಹೈಪರ್ ಸಿಗುತ್ತದೆ. ಅದನ್ನೇ ಗಾಳಿಯಿಂದ ಆರಂಭಿಸಿದರೆ, ಅಂದರೆ ಮೊದಲು ಒಂದು ಸಣ್ಣ ಜಿಗಿತ, ಅಲ್ಲಿಂದ ಓರೆಯಾಗಿ ಕೆಳಕ್ಕೆ ಡ್ಯಾಶ್, ನೆಲ ತಾಗಿದೊಡನೆ ಮತ್ತೆ ಜಿಗಿತ ಎಂದು ಮಾಡಿದರೆ, ಅದಕ್ಕೆ ವೇವ್‌ಡ್ಯಾಶ್ ಎಂದು ಹೆಸರು. ಹೊಸ ವಿದ್ಯೆ ಏನೂ ಇಲ್ಲ, ಅದೂ ಹೈಪರ್ ಜಿಗಿತವೇ. 2019ರ ಸೆಪ್ಟೆಂಬರ್ 9ರಂದು ಬಂದ ಫೇರ್‌ವೆಲ್ ಅಧ್ಯಾಯದಲ್ಲಿ ಹಳೆಯ ಕಂಪ್ಯೂಟರೊಂದರ ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸಿ ಇದನ್ನು ಕಲಿಸುವ ಭಾಗ ನಿಮ್ಮೆಲ್ಲರಿಗೂ ನೆನಪಿರಬಹುದು.

ಇನ್ನೊಂದು ಮಾತನ್ನು ಸೇರಿಸಿ ನಿಲ್ಲಿಸುತ್ತೇನೆ. ಗಳಿಸಿದ ವೇಗವನ್ನು ಉಳಿಸಿಕೊಳ್ಳಲು ಹೋಗುತ್ತಿರುವ ದಿಕ್ಕಿನ ಗುಂಡಿಯನ್ನು ಬಿಡದೆ ಒತ್ತಿಹಿಡಿಯಬೇಕು. ಗಾಳಿಯಲ್ಲಿ ಹಾಗೆ ಹಿಡಿದಿದ್ದರೆ ವೇಗವು ಸೆಕೆಂಡಿಗೆ 260ರಂತೆ ಕರಗುತ್ತದೆ, ಬಿಟ್ಟರೆ 650ರಂತೆ ಕರಗುತ್ತದೆ. ನೆಲದ ಮೇಲೆ ಈ ಕರಗುವಿಕೆ ಇನ್ನೂ ಹೆಚ್ಚು. ವೇಗ ತಾನೇ ಮುಂದಕ್ಕೆ ಒಯ್ಯುತ್ತದೆಂದು ನಂಬಿ ಗುಂಡಿಯನ್ನು ಸಡಿಲಿಸಿದ್ದರಿಂದ ನಾನು ಎಷ್ಟು ಬಾರಿ ಮುಳ್ಳಿನ ಮೇಲೆ ಬಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ರಾತ್ರಿಪಾಳಿ:

ಇಷ್ಟು ವಿವರವಾಗಿ ಕನ್ನಡದಲ್ಲಿ ಬರೆದದ್ದಕ್ಕೆ ಧನ್ಯವಾದಗಳು. ನನ್ನ ತೊಡಕು ವೇವ್‌ಡ್ಯಾಶ್‌ನಲ್ಲಿಯೇ ಇದೆ. ಕೆಲಸದಿಂದ ಬಂದ ಮೇಲೆ ದಿನವೂ ಅರ್ಧ ಗಂಟೆ ಫೇರ್‌ವೆಲ್‌ನ ಒಂದೇ ಕೋಣೆಯಲ್ಲಿ ಪ್ರಯತ್ನಿಸುತ್ತಿದ್ದೇನೆ. ಹತ್ತರಲ್ಲಿ ನಾಲ್ಕು ಸಲ ಜಿಗಿತ ಸರಿಯಾಗಿಯೇ ಬರುತ್ತದೆ, ದೂರವೂ ಸಾಕಷ್ಟು ಹೋಗುತ್ತದೆ, ಆದರೆ ಆಚೆಯ ತುದಿಯಲ್ಲಿ ಮತ್ತೆ ಡ್ಯಾಶ್ ಒತ್ತಿದರೆ ಏನೂ ಆಗುವುದಿಲ್ಲ. ನೆಲ ಮುಟ್ಟಿದ ಮೇಲೆ ಡ್ಯಾಶ್ ಮರಳಿ ಸಿಗಬೇಕಲ್ಲವೆ? ಉಳಿದ ಆರು ಸಲ ಒಮ್ಮೆ ಸುಮ್ಮನೆ ಜಾರಿಕೊಂಡು ಹೋಗುತ್ತಾಳೆ, ಇನ್ನೊಮ್ಮೆ ಎತ್ತರಕ್ಕೆ ಹಾರಿ ಅರ್ಧ ದಾರಿಯಲ್ಲಿ ಬೀಳುತ್ತಾಳೆ. ನಾನು ಒತ್ತುವ ವೇಳೆ ತಪ್ಪುತ್ತಿದೆ ಎಂಬುದು ಗೊತ್ತು. ಬೇಗ ಒತ್ತುತ್ತಿದ್ದೇನೋ ತಡವಾಗಿ ಒತ್ತುತ್ತಿದ್ದೇನೋ ಎಂಬುದು ತಿಳಿಯುತ್ತಿಲ್ಲ.

ಬೆಟ್ಟದಹಾದಿ:

ರಾತ್ರಿಪಾಳಿಯವರೇ, ನೀವು ಹೇಳಿದ ಮೂರು ಲಕ್ಷಣಗಳಿಗೂ ಮೂರು ಬೇರೆ ಕಾರಣಗಳಿವೆ.

ಮೊದಲು ಡ್ಯಾಶ್ ಮರಳದಿರುವುದು. ಡ್ಯಾಶ್ ಮಾಡಿದ ಕ್ಷಣದಿಂದ 0.1 ಸೆಕೆಂಡಿನವರೆಗೆ ಆಟವು ಅದನ್ನು ಮರಳಿ ಕೊಡುವುದಿಲ್ಲ, ಕಾಲು ನೆಲದ ಮೇಲಿದ್ದರೂ ಕೊಡುವುದಿಲ್ಲ. ಡ್ಯಾಶ್‌ನ ಆಯುಸ್ಸು 0.15 ಸೆಕೆಂಡು. ಆದ್ದರಿಂದ ದೂರವೂ ಬೇಕು, ಡ್ಯಾಶ್ ಕೂಡ ಬೇಕು ಎಂದಾದರೆ ಜಿಗಿಯುವ ಗುಂಡಿಯನ್ನು ಈ ಎರಡರ ನಡುವಿನ ಕೆಲವೇ ಫ್ರೇಮ್‌ಗಳಲ್ಲಿ ಒತ್ತಬೇಕು. ವೇವ್‌ಡ್ಯಾಶ್‌ನ ನಿಜವಾದ ಉಪಯೋಗ ಇಲ್ಲಿದೆ. ನೆಲದಿಂದಲೇ ಹೈಪರ್ ಮಾಡಿ ಡ್ಯಾಶ್ ಮರಳುವವರೆಗೆ ಕಾಯಬೇಕಾದರೆ ಅಷ್ಟು ಹೊತ್ತು ಜಾರಲು ಎರಡೂವರೆ ಚೌಕಗಳಷ್ಟು ನೆಲ ಬೇಕಾಗುತ್ತದೆ. ಗಾಳಿಯಿಂದ ಇಳಿದರೆ ಆ ಕಾಯುವಿಕೆ ಗಾಳಿಯಲ್ಲಿಯೇ ಮುಗಿದಿರುತ್ತದೆ, ಒಂದೇ ಚೌಕದ ಕಟ್ಟೆ ಸಿಕ್ಕರೂ ಸಾಕು.

ಎತ್ತರದ ಲೆಕ್ಕವನ್ನೂ ಮಾಡಿನೋಡಿ. ಓರೆ ಡ್ಯಾಶ್‌ನಲ್ಲಿ ಕೆಳಮುಖ ವೇಗ ಸುಮಾರು 170. ಹಾಗಾಗಿ 0.1 ಸೆಕೆಂಡಿನಲ್ಲಿ 17 ಪಿಕ್ಸೆಲ್, ಅಂದರೆ ಎರಡು ಚೌಕಗಳಿಗಿಂತ ತುಸು ಹೆಚ್ಚು ಇಳಿಯುತ್ತೀರಿ; 0.15 ಸೆಕೆಂಡಿನಲ್ಲಿ 25 ಪಿಕ್ಸೆಲ್, ಅಂದರೆ ಮೂರು ಚೌಕಗಳಷ್ಟು. ನೆಲದಿಂದ ಎರಡರಿಂದ ಮೂರು ಚೌಕ ಮೇಲಿರುವಾಗ ಡ್ಯಾಶ್ ಮಾಡಿದರೆ ತಾಗಿದ ಕೂಡಲೇ ಜಿಗಿಯಬಹುದು. ಅದಕ್ಕಿಂತ ಕೆಳಗಿನಿಂದ ಮಾಡಿದ್ದರೆ ಕಣ್ಣೆವೆಯಷ್ಟು ಜಾರಿ ಜಿಗಿಯಬೇಕು. ಅದಕ್ಕಿಂತ ಮೇಲಿನಿಂದ ಮಾಡಿದ್ದರೆ ನೆಲ ತಾಗುವ ಮೊದಲೇ ಡ್ಯಾಶ್ ಮುಗಿದಿರುತ್ತದೆ. ಪೂರ್ತಿ ಒತ್ತಿಹಿಡಿದ ಜಿಗಿತ ಮೂರೂವರೆ ಚೌಕ ಏರುತ್ತದೆ, ಆದ್ದರಿಂದ ತುತ್ತತುದಿಯಲ್ಲಿ ಡ್ಯಾಶ್ ಮಾಡುವುದೂ ತಪ್ಪು, ಕಾಲು ನೆಲ ಬಿಟ್ಟೊಡನೆ ಮಾಡುವುದೂ ತಪ್ಪು.

ಇನ್ನು ಗುರುತಿಸುವ ಬಗೆ. ನೆಗೆತ ತಗ್ಗಾಗಿ, ವೇಗವಾಗಿ ಹೋಯಿತೆಂದರೆ ಹೈಪರ್ ಸಿಕ್ಕಿತು. ಆಗಲೂ ಮ್ಯಾಡಲೀನಳ ಕೂದಲು ನೀಲಿಯಾಗಿಯೇ ಉಳಿದಿದ್ದರೆ, ಅಂದರೆ ಡ್ಯಾಶ್ ಮರಳಿಲ್ಲದಿದ್ದರೆ, ನೀವು ಅವಸರಪಟ್ಟಿದ್ದೀರಿ, ಕೆಂಪಿಗೆ ತಿರುಗಿದ್ದರೆ ಎಲ್ಲವೂ ಸರಿಯಾಗಿದೆ. ನೆಗೆತ ಎತ್ತರವಾಗಿ, ನಿಧಾನವಾಗಿ ಹೋಯಿತೆಂದರೆ ಡ್ಯಾಶ್ ಮುಗಿದ ಮೇಲೆ ಒತ್ತಿದ್ದೀರಿ, ಆಟ ಅದನ್ನು ಸಾಮಾನ್ಯ ಜಿಗಿತವೆಂದು ಎಣಿಸಿದೆ. ಜಿಗಿಯದೆ ಸುಮ್ಮನೆ ಜಾರಿದರೆ ನೆಲ ತಾಗುವುದಕ್ಕಿಂತ ಬಹಳ ಮೊದಲೇ ಒತ್ತಿದ್ದೀರಿ. ಆಟವು ಒತ್ತಿದ ಗುಂಡಿಯನ್ನು 0.08 ಸೆಕೆಂಡು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕೂದಲಿನ ಬಣ್ಣ ಮತ್ತು ನೆಗೆತದ ಎತ್ತರ, ಈ ಎರಡನ್ನು ಮಾತ್ರ ನೋಡುತ್ತ ಇಪ್ಪತ್ತು ಪ್ರಯತ್ನ ಮಾಡಿ, ಪ್ರತಿ ಸಲವೂ ಏನಾಯಿತೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.

ಲಯಕಾರ:

ಮೂಲ ಬರಹವನ್ನು ಎರಡು ಸಲ ಓದಿದೆ. ಅಂಕಿಅಂಶಗಳ ಬಗ್ಗೆ ತಕರಾರಿಲ್ಲ, ಆದರೆ ನಿಯಮ ತಿಳಿದರೆ ಕೈ ತಾನಾಗಿ ಬರುತ್ತದೆ ಎಂಬ ಧ್ವನಿಯನ್ನು ನಾನು ಒಪ್ಪಲಾರೆ. ನಾನು ಚಿಕ್ಕಂದಿನಲ್ಲಿ ಆರು ವರ್ಷ ಮೃದಂಗ ಕಲಿತವನು. ನಮ್ಮ ಗುರುಗಳು ಎಡಗೈಯ ತೊಪ್ಪಿ ಏಕೆ ಹಾಗೆ ನುಡಿಯುತ್ತದೆಂದು ಒಂದು ದಿನವೂ ವಿವರಿಸಲಿಲ್ಲ. ತ ಧಿ ತೊಂ ನಂ ಎಂದು ಬಾಯಲ್ಲಿ ಹೇಳಿಸಿದರು, ಹೇಳುತ್ತ ಹೇಳುತ್ತ ನುಡಿಸಲು ಬಿಟ್ಟರು. ಬಾಯಿಗೆ ಬಂದ ಲಯ ಬೆರಳಿಗೆ ಇಳಿಯಿತು. ಸೆಲೆಸ್ಟ್‌ನಲ್ಲಿಯೂ ನಾನು ಕಲಿತದ್ದು ಹೀಗೆಯೇ. ವೇವ್‌ಡ್ಯಾಶ್‌ಗೆ ಮೂರು ಒತ್ತುಗಳಿವೆ: ಜಿಗಿತ, ಡ್ಯಾಶ್, ಜಿಗಿತ. ಮೊದಲೆರಡರ ನಡುವಿನ ಅಂತರವೂ ಕೊನೆಯೆರಡರ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ ಆಗುವಂತೆ ನಾನು ಹೊಂದಿಸಿಕೊಂಡೆ, ಅದನ್ನು ತ ಕಿ ಟ ಎಂದು ಬಾಯಲ್ಲಿ ಹೇಳಿಕೊಂಡೆ. 0.1 ಸೆಕೆಂಡು, 0.15 ಸೆಕೆಂಡು ಎಂದು ಎಣಿಸುತ್ತ ಕುಳಿತಿದ್ದರೆ ಇಂದಿಗೂ ಅದೇ ಕೋಣೆಯಲ್ಲಿರುತ್ತಿದ್ದೆ.

ನ್ಯೂಟ್ರಲ್ ಜಂಪ್ ಕೂಡ ಹಾಗೆಯೇ ಬಂತು. ಗೋಡೆಗೆ ತಾಗಿಕೊಂಡು, ದಿಕ್ಕಿನ ಗುಂಡಿಯನ್ನು ಬಿಟ್ಟು ಜಿಗಿದು, ಕೂಡಲೇ ಗೋಡೆಯ ಕಡೆಗೆ ಒತ್ತಿ, ಮತ್ತೆ ಬಿಟ್ಟು ಜಿಗಿದು ಹೀಗೆ ಏರುವ ಕ್ರಮ. ಅದು ಏಕೆ ಕೆಲಸ ಮಾಡುತ್ತದೆಂದು ನನಗೆ ಈಗಲೂ ತಿಳಿಯದು, ಆದರೆ ಎರಡು ಪರದೆಯೆತ್ತರದ ಗೋಡೆಯನ್ನು ಹಾಗೆ ಏರಿದ್ದೇನೆ.

ಬೆಟ್ಟದಹಾದಿ:

ಲಯಕಾರರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಕೈ ತಾನಾಗಿ ಬರುತ್ತದೆಂದು ನಾನು ಹೇಳಲಿಲ್ಲ, ಆದರೆ ಬರಹ ಹಾಗೆ ಕೇಳಿಸಿದ್ದರೆ ತಿದ್ದಿಕೊಳ್ಳುತ್ತೇನೆ. ಬೆರಳಿಗೆ ಲಯವೇ ಬೇಕು. ನಿಯಮವು ಬೇಕಾಗುವುದು ಲಯ ತಪ್ಪಿದಾಗ. ನಿಮಗೆ ತಾಳ ತಪ್ಪಿದಾಗ ತಿದ್ದಲು ಗುರುಗಳು ಎದುರಿಗೆ ಕುಳಿತಿದ್ದರು. ಈ ಆಟವನ್ನು ಬಹುತೇಕರು ಒಬ್ಬರೇ ಕುಳಿತು ಆಡುತ್ತಾರೆ.

ನ್ಯೂಟ್ರಲ್ ಜಂಪ್‌ನ ಕಾರಣ ಸರಳವಾಗಿದೆ. ಗೋಡೆಯಿಂದ ಜಿಗಿಯುವಾಗ ಯಾವುದಾದರೂ ದಿಕ್ಕಿನ ಗುಂಡಿ ಒತ್ತಿದ್ದರೆ, ಆಟವು 0.16 ಸೆಕೆಂಡಿನವರೆಗೆ ನಿಮ್ಮನ್ನು ಬಲವಂತವಾಗಿ ಗೋಡೆಯಿಂದ ದೂರಕ್ಕೆ ಒಯ್ಯುತ್ತದೆ, ಆ ಹೊತ್ತಿನಲ್ಲಿ ನೀವು ಏನು ಒತ್ತಿದರೂ ಕೇಳುವುದಿಲ್ಲ. ದಿಕ್ಕಿನ ಗುಂಡಿ ಒತ್ತಿರದಿದ್ದರೆ ಈ ಬಲವಂತವೇ ಇಲ್ಲ, ಆದ್ದರಿಂದ ತಕ್ಷಣ ಗೋಡೆಗೆ ಮರಳಬಹುದು. ಇದಕ್ಕೆ ಸ್ಟ್ಯಾಮಿನಾ, ಅಂದರೆ ಗೋಡೆ ಹಿಡಿದಿರುವ ಕಸುವು, ಒಂದಿಷ್ಟೂ ಖರ್ಚಾಗುವುದಿಲ್ಲ ಎಂಬುದು ದೊಡ್ಡ ಲಾಭ. ಮ್ಯಾಡಲೀನಳ ಪೂರ್ಣ ಸ್ಟ್ಯಾಮಿನಾ 110. ಗೋಡೆ ಹಿಡಿದು ಸುಮ್ಮನೆ ನಿಂತರೆ ಸೆಕೆಂಡಿಗೆ 10ರಂತೆ 11 ಸೆಕೆಂಡು ಬಾಳುತ್ತದೆ. ಹಿಡಿದುಕೊಂಡೇ ಮೇಲಕ್ಕೆ ಜಿಗಿದರೆ ಒಂದು ಜಿಗಿತಕ್ಕೆ 27.5 ಕಳೆಯುತ್ತದೆ, ನಾಲ್ಕು ಜಿಗಿತಕ್ಕೆ ಎಲ್ಲವೂ ಬರಿದು. ಹಾಗೆ ಜಿಗಿದ 0.2 ಸೆಕೆಂಡಿನೊಳಗೆ ಗೋಡೆಯಿಂದ ದೂರದ ದಿಕ್ಕನ್ನು ಒತ್ತಿದರೆ ಕಳೆದುಕೊಂಡ 27.5 ಪೂರ್ತಿಯಾಗಿ ಮರಳುತ್ತದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಆಟಗಾರನು ಗೋಡೆಯಿಂದ ಆಚೆಗೆ ಜಿಗಿಯಲು ಬಯಸಿ, ಗೋಡೆ ಹಿಡಿಯುವ ಗ್ರಾಬ್ ಗುಂಡಿ ಒತ್ತಿದ್ದರಿಂದ ತಪ್ಪಾಗಿ ಮೇಲಕ್ಕೆ ಜಿಗಿದನೆಂದು ಆಟ ಭಾವಿಸುತ್ತದೆ. ಈ ಔದಾರ್ಯವನ್ನು ಬಳಸಿಕೊಂಡೇ ಅನುಭವಿಗಳು ಬಹಳ ಎತ್ತರದ ಗೋಡೆಗಳನ್ನು ದಣಿಯದೆ ಏರುತ್ತಾರೆ.

ಮೂಲಸಂಕೇತ:

ವೃತ್ತಿಯಿಂದ ನಾನು ಪ್ರೋಗ್ರಾಮರ್. ನೋಯೆಲ್ ಬೆರಿ ಅವರು ಮ್ಯಾಡಲೀನಳ ಚಲನೆಯನ್ನೆಲ್ಲ ನಿಯಂತ್ರಿಸುವ ಸಿ-ಶಾರ್ಪ್ ಕಡತವನ್ನು ಗಿಟ್‌ಹಬ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಆಸಕ್ತರು ಓದಿನೋಡಬೇಕೆಂದು ವಿನಂತಿಸುತ್ತೇನೆ. ಈ ಚರ್ಚೆಯಲ್ಲಿ ಇನ್ನೂ ಬಾರದಿರುವ ಅಲ್ಟ್ರಾವನ್ನು ಆ ಕಡತದ ಆಧಾರದ ಮೇಲೆ ವಿವರಿಸುತ್ತೇನೆ, ಏಕೆಂದರೆ ಹೈಪರ್ ಮತ್ತು ಅಲ್ಟ್ರಾಗಳನ್ನು ಬೆರೆಸಿಕೊಂಡು ಗೊಂದಲಪಡುವವರು ಹೆಚ್ಚು.

ಹೈಪರ್ ಜಿಗಿತವು ವೇಗವನ್ನು ಕೂಡಿಸುವುದಿಲ್ಲ, ನಿಗದಿಪಡಿಸುತ್ತದೆ. ನೀವು 100ರಲ್ಲಿ ಹೋಗುತ್ತಿದ್ದರೂ 325 ಸಿಗುತ್ತದೆ, 400ರಲ್ಲಿ ಹೋಗುತ್ತಿದ್ದರೂ ಅದೇ 325 ಸಿಗುತ್ತದೆ. ಎರಡನೆಯ ಸಂದರ್ಭದಲ್ಲಿ ನೀವು ವೇಗವನ್ನು ಕಳೆದುಕೊಂಡಿರಿ ಎಂದೇ ಅರ್ಥ. ಬೆಟ್ಟದಹಾದಿಯವರು ಹೇಳಿದ ಮೂರನೆಯ ನಿಯಮ ಹಾಗಲ್ಲ, ಅದು ಇರುವ ವೇಗವನ್ನು 1.2ರಿಂದ ಗುಣಿಸುತ್ತದೆ. ಅಲ್ಟ್ರಾ ಹುಟ್ಟುವುದು ಈ ವ್ಯತ್ಯಾಸದಿಂದ.

ಇದಕ್ಕೆ ಇನ್ನೆರಡು ನಿಯಮಗಳು ನೆರವಾಗುತ್ತವೆ. ಡ್ಯಾಶ್ ಆರಂಭವಾಗುವಾಗ ಅದೇ ದಿಕ್ಕಿನಲ್ಲಿ ನಿಮ್ಮ ಅಡ್ಡ ವೇಗ ಡ್ಯಾಶ್ ಕೊಡುವ ವೇಗಕ್ಕಿಂತ ಹೆಚ್ಚಾಗಿದ್ದರೆ ಆಟ ಹಳೆಯ ವೇಗವನ್ನೇ ಉಳಿಸುತ್ತದೆ. ಮತ್ತು ಡ್ಯಾಶ್ ಮುಗಿದಾಗ ವೇಗವನ್ನು 160ಕ್ಕೆ ಇಳಿಸುವ ಕ್ರಮವಿದೆಯಲ್ಲ, ಅದು ಕೆಳಮುಖ ಡ್ಯಾಶ್‌ಗಳಿಗೆ ಅನ್ವಯಿಸುವುದೇ ಇಲ್ಲ. ಹಾಗಾಗಿ ವೇಗವಾಗಿ ಹಾರುತ್ತಿರುವಾಗ ಓರೆಯಾಗಿ ಕೆಳಕ್ಕೆ ಡ್ಯಾಶ್ ಮಾಡಿದರೆ ಹಳೆಯ ವೇಗ ಹಾಗೆಯೇ ನೆಲದವರೆಗೆ ಬರುತ್ತದೆ, ನೆಲ ತಾಗಿದಾಗ 1.2 ಪಟ್ಟಾಗುತ್ತದೆ. 250ರಲ್ಲಿ ಇಳಿದಿದ್ದರೆ 300. ಡ್ಯಾಶ್ ಗಾಳಿಯಲ್ಲಿ ಮುಗಿದ ಮೇಲೆ ನೆಲ ತಾಗಿ ಸಾಮಾನ್ಯ ಜಿಗಿತ ಮಾಡಿದರೆ ಅದರ 40 ಸೇರಿ 340. ಡ್ಯಾಶ್ ಮುಗಿಯುವ ಮೊದಲೇ ಜಿಗಿದರೆ ಅದು ಹೈಪರ್ ಆಗಿ 325ಕ್ಕೆ ನಿಲ್ಲುತ್ತದೆ. ವೇವ್‌ಡ್ಯಾಶ್‌ನಲ್ಲಿ ತಪ್ಪೆನಿಸಿದ ತಡವಾದ ಜಿಗಿತವೇ ಇಲ್ಲಿ ಸರಿ. ಹಾಗಾಗಿ ಅಲ್ಟ್ರಾಕ್ಕೆ ಎತ್ತರದಿಂದ ಇಳಿಯುವುದೇ ಅನುಕೂಲ. ಡ್ಯಾಶ್ ಗಾಳಿಯಲ್ಲಿಯೇ ಮುಗಿದಿದ್ದರೂ, ಅದರ ದಿಕ್ಕು ಓರೆಯಾಗಿ ಕೆಳಕ್ಕೆ ಇದ್ದದ್ದು ಆಟಕ್ಕೆ ನೆನಪಿರುತ್ತದೆ, ನೆಲ ತಾಗಿದಾಗ ಗುಣಾಕಾರ ನಡೆದೇ ನಡೆಯುತ್ತದೆ. ಒಂದರ ಹಿಂದೊಂದು ಅಲ್ಟ್ರಾ ಪೋಣಿಸಿದರೆ ವೇಗ ಬಡ್ಡಿಯ ಮೇಲೆ ಬಡ್ಡಿ ಏರಿದಂತೆ ಏರುತ್ತದೆ. ಮೂಲ ಆಟದ ಕೋಣೆಗಳು ಇದನ್ನು ಬೇಡುವುದಿಲ್ಲ. ಆದರೆ ಆಟಗಾರರೇ ಕಟ್ಟಿದ ಮಾಡ್ ನಕ್ಷೆಗಳಲ್ಲಿ, ಮುಖ್ಯವಾಗಿ 2023ರಲ್ಲಿ ಬಂದ ಸ್ಟ್ರಾಬೆರಿ ಜಾಮ್ ಸಂಕಲನದಲ್ಲಿ, ಇದು ಬೇಕಾಗುತ್ತದೆ. ಆ ಸಂಕಲನದ ಪ್ರತಿ ಹಂತದಲ್ಲಿಯೂ ತಂತ್ರಗಳನ್ನು ಕಲಿಸುವ ಜಿಮ್ ಎಂಬ ಅಭ್ಯಾಸದ ಕೋಣೆಗಳಿವೆ, ಅವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ.

ಹೈಪರ್‌ನ ಬಗ್ಗೆ ಇನ್ನೊಂದು ಸಾಲು. ಅದು ವೇಗವನ್ನು ಕೊಡುವುದು ಡ್ಯಾಶ್ ಮಾಡಿದ ದಿಕ್ಕಿಗಲ್ಲ, ಜಿಗಿಯುವಾಗ ಮ್ಯಾಡಲೀನ್ ಮುಖ ಮಾಡಿರುವ ದಿಕ್ಕಿಗೆ. ಬಲಕ್ಕೆ ಡ್ಯಾಶ್ ಮಾಡಿ, ಎಡಕ್ಕೆ ಮುಖ ತಿರುಗಿಸಿ ಜಿಗಿದರೆ ಅಷ್ಟೇ ವೇಗದಲ್ಲಿ ಎಡಕ್ಕೆ ಹಾರುತ್ತಾಳೆ. ರಿವರ್ಸ್ ಹೈಪರ್ ಎನ್ನುವುದು ಇದನ್ನೇ.

ಪದಮಿತ್ರ:

ವಿಷಯಕ್ಕೆ ಸ್ವಲ್ಪ ಹೊರತಾದ ಪ್ರಶ್ನೆ. ಈ ಆಟ ಕನ್ನಡದಲ್ಲಿ ಇಲ್ಲ. ನಾವು ಬರೆಯುವಾಗಲಾದರೂ ಡ್ಯಾಶ್‌ಗೆ ನುಗ್ಗು, ಜಂಪ್‌ಗೆ ನೆಗೆತ, ವೇವ್‌ಡ್ಯಾಶ್‌ಗೆ ಅಲೆನುಗ್ಗು ಎಂದು ಬಳಸಬಹುದಲ್ಲವೆ?

ಮೂಲಸಂಕೇತ:

ನೆಗೆತ, ಜಿಗಿತ, ಓರೆ, ಕುಕ್ಕರಿಸು ಇವು ವಿವರಣೆಯ ಪದಗಳು, ಕನ್ನಡದಲ್ಲಿಯೇ ಚೆನ್ನಾಗಿ ನಿಲ್ಲುತ್ತವೆ. ಆದರೆ ತಂತ್ರಗಳ ಹೆಸರುಗಳನ್ನು ಹಾಗೆಯೇ ಉಳಿಸಬೇಕೆಂಬುದು ನನ್ನ ಅಭಿಪ್ರಾಯ. ಕಲಿಯುವವರು ನಾಳೆ ವಿಡಿಯೋ ಹುಡುಕುವುದು ಆ ಹೆಸರಿನಿಂದಲೇ. ಅಲ್ಲದೆ ಆ ಹೆಸರುಗಳಿಗೂ ಒಂದು ಪರಂಪರೆ ಇದೆ: 2001ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ ಆಟದಲ್ಲಿ ಗಾಳಿಯಿಂದ ಓರೆಯಾಗಿ ನೆಲಕ್ಕೆ ತಪ್ಪಿಸಿಕೊಂಡು ಜಾರುವುದನ್ನೂ ಆಟಗಾರರು ವೇವ್‌ಡ್ಯಾಶ್ ಎಂದೇ ಕರೆಯುತ್ತ ಬಂದಿದ್ದಾರೆ.

ಮೆಲ್ಲನೆಡೆ:

ನಾನು ಈ ಗುಂಪಿನಲ್ಲಿ ಮೊದಲ ಬಾರಿಗೆ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಬಲಗೈಯ ಮಣಿಕಟ್ಟು ಮುರಿದು, ಈಗಲೂ ಹೆಬ್ಬೆರಳು ಮೊದಲಿನಷ್ಟು ಚುರುಕಾಗಿಲ್ಲ. ಆಟವನ್ನು ಸುಲಭಗೊಳಿಸುವ ಅಸಿಸ್ಟ್ ಮೋಡ್ ಹಾಕಿಕೊಂಡು ಆಟ ಮುಗಿಸಿದವಳು ನಾನು, ಅದನ್ನು ಇಲ್ಲಿ ಹೇಳಲು ಇಷ್ಟು ದಿನ ಹಿಂಜರಿದೆ. ಈ ತಂತ್ರಗಳನ್ನು ಕಲಿಯಲು ಅದೇ ಮೋಡ್ ಎಷ್ಟು ಉಪಯುಕ್ತವೆಂದು ಯಾರೂ ಬರೆಯಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅದರಲ್ಲಿ ಆಟದ ವೇಗವನ್ನು ಶೇಕಡಾ 50ರವರೆಗೆ ಇಳಿಸಬಹುದು. ನಾನು ಶೇಕಡಾ 50ರಲ್ಲಿ ವೇವ್‌ಡ್ಯಾಶ್ ಆರಂಭಿಸಿ, ಹತ್ತಕ್ಕೆ ಎಂಟು ಸಲ ಸರಿಯಾದ ಮೇಲೆ 60, ಆಮೇಲೆ 70 ಎಂದು ಏರಿಸುತ್ತ ಹೋದೆ. ಲಯಕಾರರ ಮೃದಂಗದ ಪಾಠವೂ ಮೊದಲ ಕಾಲ, ಎರಡನೆಯ ಕಾಲ ಎಂದು ಹೀಗೆಯೇ ಇರಬೇಕು. ನಾನು ಈಗ 90ರಲ್ಲಿ ಆಡುತ್ತೇನೆ, ಅಲ್ಲಿಯೇ ನೆಮ್ಮದಿಯಾಗಿದ್ದೇನೆ.

ಗುಂಡಿಗಳ ಜೋಡಣೆಯ ಬಗ್ಗೆಯೂ ಒಂದು ಮಾತು. ಕೀಬೋರ್ಡಿನಲ್ಲಿ ಆಟ ತಾನಾಗಿ ಕೊಡುವ ಜೋಡಣೆ ಸಿ ಜಿಗಿತಕ್ಕೆ, ಎಕ್ಸ್ ಡ್ಯಾಶ್‌ಗೆ, ಝಡ್ ಗ್ರಾಬ್‌ಗೆ. ಒಂದೇ ಕ್ರಿಯೆಗೆ ಎರಡು ಗುಂಡಿಗಳನ್ನು ಇಟ್ಟುಕೊಳ್ಳಲು ಆಟ ಅನುಮತಿಸುತ್ತದೆ. ನಾನು ಜಿಗಿತಕ್ಕೆ ಎರಡು ಗುಂಡಿ ಇಟ್ಟುಕೊಂಡು, ವೇವ್‌ಡ್ಯಾಶ್‌ನ ಮೊದಲ ಜಿಗಿತವನ್ನು ಒಂದರಿಂದಲೂ ಎರಡನೆಯದನ್ನು ಇನ್ನೊಂದರಿಂದಲೂ ಒತ್ತುತ್ತೇನೆ. ಒಂದೇ ಬೆರಳನ್ನು ಎತ್ತಿ ಮತ್ತೆ ಇಳಿಸುವ ಶ್ರಮ ತಪ್ಪುತ್ತದೆ. ಕಂಟ್ರೋಲರಿನಲ್ಲಿ ಆಡುವವರು ಗ್ರಾಬ್ ಅನ್ನು ತೋರುಬೆರಳಿನ ಗುಂಡಿಗೆ ಕೊಟ್ಟು ಹೆಬ್ಬೆರಳನ್ನು ಜಿಗಿತ ಮತ್ತು ಡ್ಯಾಶ್‌ಗಳಿಗೆ ಮಾತ್ರ ಮೀಸಲಿಡಬಹುದು. ಓರೆ ದಿಕ್ಕು ಸರಿಯಾಗಿ ಬೀಳದವರು ಸ್ಟಿಕ್ ಬಿಟ್ಟು ದಿಕ್ಕಿನ ಗುಂಡಿಗಳನ್ನು ಬಳಸಿ ನೋಡಬೇಕು.

ಬೆಟ್ಟದಹಾದಿ:

ಮೆಲ್ಲನೆಡೆಯವರೇ, ದಯವಿಟ್ಟು ಹಿಂಜರಿಯಬೇಡಿ. ವೇಗ ಇಳಿಸಿ ಏರಿಸುವ ಕ್ರಮ ನನ್ನ ಬರಹದಲ್ಲಿಯೇ ಇರಬೇಕಿತ್ತು. ಈ ಆಟ ಕಠಿಣವೆಂದು ಹೆಸರಾದರೂ ಒಳಗೊಳಗೆ ಎಷ್ಟು ಮೃದುವಾಗಿದೆಯೆಂಬುದನ್ನು ಮ್ಯಾಡಿ ಥಾರ್ಸನ್ ಅವರೇ ಸಾರ್ವಜನಿಕವಾಗಿ ವಿವರಿಸಿದ್ದಾರೆ. ಕಟ್ಟೆಯ ಅಂಚನ್ನು ದಾಟಿದ ಮೇಲೂ 0.1 ಸೆಕೆಂಡಿನವರೆಗೆ ಜಿಗಿಯಬಹುದು. ಜಿಗಿಯುವಾಗ ತಲೆ ಮೂಲೆಗೆ ತಾಗಿದರೆ 4 ಪಿಕ್ಸೆಲ್‌ವರೆಗೆ ಆಟವೇ ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಡುತ್ತದೆ. ಮುಳ್ಳುಗಳು ಅವುಗಳ ಕಡೆಗೆ ಹೋಗುತ್ತಿರುವವರನ್ನು ಮಾತ್ರ ಕೊಲ್ಲುತ್ತವೆ; ನೆಲದ ಮುಳ್ಳುಗಳ ನಡುವೆ ಮ್ಯಾಡಲೀನ್ ಮೇಲಕ್ಕೆ ಏರುತ್ತಿದ್ದರೆ ಅವು ಏನೂ ಮಾಡುವುದಿಲ್ಲ.

ವಾಲ್‌ಬೌನ್ಸ್‌ನಲ್ಲಿಯೂ ಇದೇ ಔದಾರ್ಯ ಕಾಣುತ್ತದೆ. ಗೋಡೆಯ ಪಕ್ಕದಲ್ಲಿ ನೇರವಾಗಿ ಮೇಲಕ್ಕೆ ಡ್ಯಾಶ್ ಮಾಡಿ ಜಿಗಿದರೆ 105ರ ಬದಲು 160ರ ವೇಗದಲ್ಲಿ ಮೇಲೇರುತ್ತೇವೆ. ಹೊಸಬರು ಇದನ್ನು ಬಹಳ ಬೇಗ ಒತ್ತಬೇಕೆಂದು ಗಾಬರಿಪಡುತ್ತಾರೆ. ಆದರೆ ಡ್ಯಾಶ್ ಮುಗಿದ ಮೇಲೂ ಸ್ವಲ್ಪ ಹೊತ್ತು ಅವಕಾಶವಿರುತ್ತದೆ, ಗೋಡೆಗೆ ತಾಗಿಯೇ ಇರಬೇಕೆಂದೂ ಇಲ್ಲ, ಕೆಲವು ಪಿಕ್ಸೆಲ್ ದೂರವಿದ್ದರೂ ಸಾಕು. ಗ್ರಾಬ್ ಗುಂಡಿಯನ್ನು ಬಿಟ್ಟಿರುವುದು ಮಾತ್ರ ಮುಖ್ಯ. ಡ್ಯಾಶ್ ಮಾಡಿ, ಒಂದು ಉಸಿರಿನಷ್ಟು ತಡೆದು ಒತ್ತಿ ನೋಡಿ.

ಲಯಕಾರ:

0.16 ಸೆಕೆಂಡಿನ ಬಲವಂತದ ವಿಷಯ ಓದಿದ ಮೇಲೆ ನಿನ್ನೆ ರಾತ್ರಿ ಪರೀಕ್ಷಿಸಿದೆ. ನಾನು ಎಡಗಡೆಯ ಗೋಡೆಯಲ್ಲಿ ಚೆನ್ನಾಗಿ ಏರುತ್ತಿದ್ದೆ, ಬಲಗಡೆಯ ಗೋಡೆಯಲ್ಲಿ ಸದಾ ಜಾರುತ್ತಿದ್ದೆ, ಅದನ್ನು ಕೈಯ ದೋಷವೆಂದು ಬಿಟ್ಟುಬಿಟ್ಟಿದ್ದೆ. ಬಲಗಡೆಯಲ್ಲಿ ದಿಕ್ಕಿನ ಗುಂಡಿಯನ್ನು ಪೂರ್ತಿ ಬಿಡುವ ಮೊದಲೇ ಜಿಗಿತ ಒತ್ತುತ್ತಿದ್ದೇನೆಂದು ಈಗ ತಿಳಿಯಿತು. ಬಿಡು, ಜಿಗಿ, ಹಿಡಿ ಎಂದು ಮೂರು ಮಾತ್ರೆಯ ಹೊಸ ಸೊಲ್ಲು ಮಾಡಿಕೊಂಡು ಅಭ್ಯಾಸ ಆರಂಭಿಸಿದ್ದೇನೆ. ನಿಯಮವನ್ನು ತಿಳಿಯುವುದರಿಂದ ಪ್ರಯೋಜನವಿಲ್ಲವೆಂಬ ನನ್ನ ಮಾತನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ.

ರಾತ್ರಿಪಾಳಿ:

ಚೀಟಿಯ ಫಲಿತಾಂಶ ಹೇಳುತ್ತೇನೆ. ಇಪ್ಪತ್ತರಲ್ಲಿ ಒಂಬತ್ತು ಸಲ ನೆಗೆತ ತಗ್ಗಾಗಿ ಹೋಗಿ ಕೂದಲು ನೀಲಿಯಾಗಿಯೇ ಉಳಿಯಿತು. ಏಳು ಸಲ ಎತ್ತರಕ್ಕೆ ಹಾರಿದಳು. ನಾಲ್ಕು ಸಲ ಎಲ್ಲವೂ ಸರಿಯಾಯಿತು. ನನ್ನ ಮೊದಲ ಜಿಗಿತವೇ ಒಮ್ಮೆ ಗಿಡ್ಡ, ಒಮ್ಮೆ ಪೂರ್ಣ ಎತ್ತರ ಎಂದು ಬದಲಾಗುತ್ತಿತ್ತು. ಕೊನೆಯ ಒತ್ತನ್ನು ಎಷ್ಟು ತಿದ್ದಿದರೂ ಸರಿಹೋಗದಿರಲು ಅದೇ ಕಾರಣವಾಗಿತ್ತು. ಮೊದಲ ಜಿಗಿತವನ್ನು ಪ್ರತಿ ಸಲವೂ ಒಂದೇ ಅಳತೆಗೆ ತಂದುಕೊಂಡು, ಮೆಲ್ಲನೆಡೆಯವರಂತೆ ಜಿಗಿತಕ್ಕೆ ಎರಡು ಗುಂಡಿ ಇಟ್ಟುಕೊಂಡು, ವೇಗವನ್ನು ಶೇಕಡಾ 70ಕ್ಕೆ ಇಳಿಸಿ ಮತ್ತೆ ಇಪ್ಪತ್ತು ಮಾಡಿದೆ. ಹದಿಮೂರು ಸಲ ಕೂದಲು ಕೆಂಪಾಯಿತು. ಇಂದು ಬೆಳಗ್ಗೆ ಪೂರ್ತಿ ವೇಗದಲ್ಲಿ ಆ ಕೋಣೆಯನ್ನು ದಾಟಿದೆ, ಮುಂದಿನ ಕೋಣೆಯಲ್ಲಿ ಎರಡು ವೇವ್‌ಡ್ಯಾಶ್‌ಗಳನ್ನು ಬೆನ್ನುಬೆನ್ನಿಗೆ ಮಾಡಬೇಕಾಗಿದೆ. ಎರಡನೆಯದಕ್ಕೆ ಬರುವಾಗ ಆಗಲೇ ವೇಗವಾಗಿ ಹಾರುತ್ತಿರುವುದರಿಂದ ಕಟ್ಟೆಯನ್ನೇ ದಾಟಿಹೋಗುತ್ತಿದ್ದೇನೆ. ಅಲ್ಲಿ ಡ್ಯಾಶ್ ಅನ್ನು ಮೊದಲೇ ಒತ್ತಬೇಕೆ?

ಮೂಲಸಂಕೇತ:

ಹೌದು, ಮೊದಲೇ ಒತ್ತಬೇಕು. ಆಗಲೇ ಇರುವ ವೇಗ 170ಕ್ಕಿಂತ ಹೆಚ್ಚಾಗಿರುವುದರಿಂದ ಡ್ಯಾಶ್ ಅದನ್ನು ತಗ್ಗಿಸುವುದಿಲ್ಲ. ನೀವು ಇಳಿಯುವ ಹಾದಿ ಸರಿಯಾದ ಓರೆಯಾಗಿರದೆ ಚಪ್ಪಟೆಯಾಗಿರುತ್ತದೆ, ಅದೇ ಎತ್ತರದಿಂದ ಇಳಿಯಲು ಹೆಚ್ಚು ಅಡ್ಡ ದೂರ ಬೇಕಾಗುತ್ತದೆ. ವೇಗ 300ರ ಆಸುಪಾಸಿನಲ್ಲಿದ್ದರೆ ಎರಡು ಚೌಕ ಇಳಿಯುವಷ್ಟರಲ್ಲಿ ಮೂರೂವರೆ ಚೌಕ ಮುಂದಕ್ಕೆ ಹೋಗಿರುತ್ತೀರಿ. ಕಟ್ಟೆಯ ಅಂಚಿಗಿಂತ ಅಷ್ಟು ದೂರ ಹಿಂದೆಯೇ ಡ್ಯಾಶ್ ಒತ್ತಿ.